ಜಿಯಾಲಜಿ ಓದಬೇಕು ಅನ್ನುವವರ ಪತ್ರಗಳು

ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಂಜಿನಿಯರಿಂಗ್, ನೀಟ್, ನರ್ಸಿಂಗ್ ಬಗ್ಗೆ ಕೇಳುವವೇ ಜಾಸ್ತಿ. ಈ ಸಲ ಜಿಯಾಲಜಿ, ಅಂದರೆ ಭೂವಿಜ್ಞಾನದ ಬಗ್ಗೆಯೂ ಒಂದಷ್ಟು ಪತ್ರಗಳು ಬಂದಿವೆ. ನನಗೆ ತುಂಬಾ ಖುಷಿಯಾಯಿತು. ನಾನು ಓದಿದ್ದು ಇದನ್ನೇ, ಪಾಠ ಮಾಡಿದ್ದೂ ಇದನ್ನೇ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಡುತ್ತಿದ್ದೇನೆ. ಹೆಸರು ಬೇಡ ಎಂದು ಹಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪಿಸಿಎಂಬಿ ಮುಗಿಸಿದ್ದೇನೆ. ಮನೆಯಲ್ಲಿ ಇಂಜಿನಿಯರಿಂಗ್ ಅಂತಾರೆ, ನನಗೆ ಇಷ್ಟವಿಲ್ಲ. ಬಿಎಸ್ಸಿಯಲ್ಲಿ ಜಿಯಾಲಜಿ ತಗೋಬಹುದು ಅಂತ ಸೀನಿಯರ್ ಒಬ್ಬರು ಹೇಳಿದರು. ಅಲ್ಲಿ ನಿಜವಾಗಿ ಏನು ಓದಿಸ್ತಾರೆ? ಭೂಗೋಳವೇ ಅಲ್ವಾ ಅದು? (ಹಿರಿಯೂರು)

ಭೂಗೋಳ ಅಲ್ಲ. ಭೂಗೋಳದಲ್ಲಿ ನೆಲದ ಮೇಲಿನ ನದಿ, ಹವಾಮಾನ, ಬೆಳೆ, ಜನ, ಊರು ಎಲ್ಲವೂ ಬರುತ್ತದೆ. ಜಿಯಾಲಜಿ ನೆಲದ ಒಳಗಿನದು. ಕಲ್ಲು ಯಾವುದು, ಹೇಗೆ ಹುಟ್ಟಿತು, ಎಷ್ಟು ಹಳೆಯದು, ಯಾಕೆ ಬಾಗಿದೆ, ಯಾಕೆ ಒಡೆದಿದೆ, ಅದರೊಳಗೆ ಏನಿದೆ. ಇಷ್ಟೇ ಪ್ರಶ್ನೆಗಳು, ಆದರೆ ಒಂದೊಂದಕ್ಕೂ ಒಂದು ಜನ್ಮ ಕೊಟ್ಟವರಿದ್ದಾರೆ.

ನೀವು ಹಿರಿಯೂರಿನವರು ಅಂದಿದ್ದೀರಿ. ನಿಮ್ಮೂರಿಂದ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿ ಐಮಂಗಲ ಸಿಗುತ್ತದಲ್ಲ, ಅದರ ಹತ್ತಿರ ಮರಡಿಹಳ್ಳಿ ಇದೆ. ಒಮ್ಮೆ ಹೋಗಿ ನೋಡಿ. ಅಲ್ಲಿನ ಬಂಡೆಗಳ ಮೇಲೆ ದುಂಡಗಿನ, ಉಬ್ಬಿದ ಆಕಾರಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ಅದನ್ನು ಪಿಲ್ಲೋ ಲಾವಾ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿ ಲಾವಾ ಉಕ್ಕಿತು. ನೀರು ತಾಗಿದ ಕೂಡಲೇ ಅದರ ಮೈ ಗಟ್ಟಿಯಾಯಿತು, ಒಳಗಿನದು ಇನ್ನೂ ಬಿಸಿಯಾಗಿಯೇ ಇತ್ತು, ಅದು ಸಿಪ್ಪೆ ಒಡೆದುಕೊಂಡು ಮುಂದಕ್ಕೆ ಉಬ್ಬಿತು, ಅದೂ ಗಟ್ಟಿಯಾಯಿತು, ಹೀಗೇ ಮುಂದುವರಿಯಿತು. ಅಂದರೆ ಇವತ್ತು ಮಳೆಗಾಗಿ ಕಾಯುವ ನಿಮ್ಮ ನೆಲ ಒಂದು ಕಾಲದಲ್ಲಿ ಸಮುದ್ರದ ತಳ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ, ಅಂದರೆ ಜಿಎಸ್‌ಐ, ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.

ಈಗ ಓದಿನ ವಿಷಯಕ್ಕೆ ಬರುತ್ತೇನೆ. ಅದೇ ಬಂಡೆಯ ಮುಂದೆ ಜಿಯಾಲಜಿ ವಿದ್ಯಾರ್ಥಿಯನ್ನು ನಿಲ್ಲಿಸಿ ಮೇಷ್ಟ್ರು ಕೇಳುವ ಮೊದಲ ಪ್ರಶ್ನೆ, ಇದರ ಮೇಲ್ಭಾಗ ಯಾವುದು? ಪ್ರಶ್ನೆ ಸುಲಭ ಅನಿಸುತ್ತದೆ, ಆದರೆ ಕೋಟ್ಯಂತರ ವರ್ಷಗಳಲ್ಲಿ ಪದರಗಳು ವಾಲಿರುತ್ತವೆ, ಕೆಲವು ಕಡೆ ತಲೆಕೆಳಗಾಗಿಯೇ ಬಿಟ್ಟಿರುತ್ತವೆ. ಪಿಲ್ಲೋಗಳ ಉಬ್ಬಿದ ಬೆನ್ನು ಮೇಲಕ್ಕಿರುತ್ತದೆ. ಕೆಳಗಿನ ಎರಡು ಪಿಲ್ಲೋಗಳ ನಡುವಿನ ಸಂದಿಗೆ ಇಳಿದ ಚೂಪು ಬಾಲ ಕೆಳಕ್ಕಿರುತ್ತದೆ. ಅದನ್ನು ನೋಡಿ ಆ ಬಂಡೆ ಹುಟ್ಟಿದಾಗ ಆಕಾಶ ಯಾವ ಕಡೆಗಿತ್ತು ಅಂತ ಹೇಳಬಹುದು. ಇಡೀ ಜಿಯಾಲಜಿ ಇರುವುದು ಹೀಗೆ. ಕಣ್ಣಿಗೆ ಕಾಣುವ ಸಣ್ಣ ಗುರುತು ಹಿಡಿದು ಕಾಣದ ದೊಡ್ಡ ಕಥೆ ತೆಗೆಯುವುದು.

ತರಗತಿಯಲ್ಲಿ ಮೊದಲು ಖನಿಜಗಳು ಬರುತ್ತವೆ. ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು ಎಲ್ಲ ನಿಮಗೆ ಗೊತ್ತಿರುವವೇ. ಅವನ್ನು ಗೀಚಿ, ತೂಗಿ, ಬೆಳಕಿಗೆ ಹಿಡಿದು ಗುರುತಿಸುವುದು ಕಲಿಯುತ್ತೀರಿ. ಆಮೇಲೆ ಕಲ್ಲುಗಳು, ಪಳೆಯುಳಿಕೆ, ಪದರಗಳ ವಯಸ್ಸಿನ ಕ್ರಮ, ಮಡಿಕೆ ಮತ್ತು ಬಿರುಕು, ಅದಿರು, ಅಂತರ್ಜಲ, ಉಪಗ್ರಹ ಚಿತ್ರ. ಲ್ಯಾಬಿನಲ್ಲಿ ನನಗೆ ಇವತ್ತಿಗೂ ಬೇಸರವಾಗದ ಕೆಲಸ ಒಂದಿದೆ. ಕಲ್ಲಿನ ಚೂರನ್ನು ಗಾಜಿನ ಮೇಲೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಬರುವ ತನಕ ಉಜ್ಜುತ್ತಾರೆ. ಕಪ್ಪು ಕಲ್ಲು ಆಗ ಬೆಳಕು ಬಿಡುತ್ತದೆ. ಪೋಲರೈಸಿಂಗ್ ಮೈಕ್ರೋಸ್ಕೋಪಿನ ಕೆಳಗಿಟ್ಟು ತಟ್ಟೆ ತಿರುಗಿಸಿದರೆ ಹಳದಿ, ನೇರಳೆ, ನೀಲಿ ಬಣ್ಣಗಳು ಬದಲಾಗುತ್ತಾ ಹೋಗುತ್ತವೆ, ಕಪ್ಪು ಬಿಳಿ ಗೆರೆಗಳು ಮೂಡುತ್ತವೆ. ಮನೆ ಪಾಯಕ್ಕೆ ಹಾಕುವ ಸಾದಾ ಕಲ್ಲೊಳಗೆ ಇಷ್ಟೆಲ್ಲ ಇದೆ ಅಂತ ನೋಡಿದ ದಿನವೇ ಎಷ್ಟೋ ಹುಡುಗರು ಈ ವಿಷಯಕ್ಕೆ ಒಲಿದುಬಿಡುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಫೀಲ್ಡ್. ಟೋಪೋಶೀಟ್ ಅನ್ನುವ ನೆಲದ ನಕ್ಷೆ ಹಿಡಿದು ಹಳ್ಳ, ಗುಡ್ಡ, ಹೊಲ ದಾಟಿ ನಡೆಯಬೇಕು. 1:50,000 ಅಳತೆಯ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಬಂಡೆ ಕಂಡಲ್ಲಿ ನಿಂತು ಪದರ ಯಾವ ದಿಕ್ಕಿಗೆ ಹರಡಿದೆ, ಎಷ್ಟು ಡಿಗ್ರಿ ವಾಲಿದೆ ಅಂತ ಕಂಪಾಸ್‌ನಲ್ಲಿ ಅಳೆದು ಅಲ್ಲೇ ಬರೆದುಕೊಳ್ಳಬೇಕು. ಬಿಸಿಲು, ಮುಳ್ಳು, ನಾಯಿ, ಬಾಯಾರಿಕೆ ಎಲ್ಲ ಇರುತ್ತದೆ. ಇದು ಇಷ್ಟವಾಗದವರು ಬೇರೆ ವಿಷಯ ಓದುವುದೇ ಒಳ್ಳೆಯದು, ನೇರವಾಗಿ ಹೇಳುತ್ತಿದ್ದೇನೆ. ಅದಕ್ಕೇ ಕಾಲೇಜು ಆರಿಸುವಾಗ ಕಟ್ಟಡ, ವೆಬ್‌ಸೈಟು ನೋಡಬೇಡಿ. ವರ್ಷಕ್ಕೆ ಎಷ್ಟು ದಿನ ಫೀಲ್ಡಿಗೆ ಕರೆದುಕೊಂಡು ಹೋಗುತ್ತೀರಿ, ಯಾವ ಊರಿಗೆ, ಯಾರು ಜೊತೆ ಬರುತ್ತಾರೆ ಅಂತ ಕೇಳಿ. ಉತ್ತರ ತಡವರಿಸಿ ಬಂದರೆ ಅಲ್ಲಿ ಸೇರಬೇಡಿ. ಪುಸ್ತಕ ಎಲ್ಲಿ ಬೇಕಾದರೂ ಸಿಗುತ್ತದೆ, ಬಂಡೆಯ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುವ ಮೇಷ್ಟ್ರು ಸಿಗುವುದು ಕಷ್ಟ.

ಗಣಿತ ಅಂದರೆ ಭಯ. ಜಿಯಾಲಜಿಗೆ ಗಣಿತ ಬೇಕಾ? (ಶಿರಸಿ)

ಬಿಎಸ್ಸಿ ಮಟ್ಟದಲ್ಲಿ ತ್ರಿಕೋನಮಿತಿ, ಲಾಗರಿದಮ್, ಸ್ವಲ್ಪ ಸಂಖ್ಯಾಶಾಸ್ತ್ರ ಬಂದರೆ ಸಾಕು. ರಸಾಯನಶಾಸ್ತ್ರ ಮಾತ್ರ ಚೆನ್ನಾಗಿರಲೇಬೇಕು, ಖನಿಜ ಅಂದರೆ ರಸಾಯನವೇ ಅಲ್ವಾ. ಮುಂದೆ ಭೂಕಂಪ ಅಥವಾ ಜಿಯೋಫಿಸಿಕ್ಸ್ ಕಡೆ ಹೋಗುವ ಆಸೆ ಇದ್ದರೆ ಗಣಿತ ಬಿಡುವಂತಿಲ್ಲ. ಭಯ ಇದ್ದರೂ ನಿಧಾನವಾಗಿ ಕಲಿಯಿರಿ, ಪರೀಕ್ಷೆಗೆ ಅಂತ ಓದುವ ಗಣಿತಕ್ಕೂ ಪದರದ ದಪ್ಪ ಲೆಕ್ಕ ಹಾಕಲು ಬೇಕಾದ ಗಣಿತಕ್ಕೂ ತುಂಬಾ ವ್ಯತ್ಯಾಸ ಇದೆ.

ಮಗಳು ಎಂಎಸ್ಸಿ ಜಿಯಾಲಜಿಗೆ ಸೇರಬೇಕು ಅಂತ ಹಟ ಹಿಡಿದಿದ್ದಾಳೆ. ಕಾಡು, ಗುಡ್ಡ, ಗಣಿ ಅಂತ ಹುಡುಗರ ಜೊತೆ ದಿನಗಟ್ಟಲೆ ಹೊರಗೆ ಇರಬೇಕಂತೆ. ಹೆಣ್ಣುಮಕ್ಕಳಿಗೆ ಇದು ಆಗುತ್ತಾ? ಕೆಲಸ ಸಿಗುತ್ತಾ? (ಮಂಡ್ಯ)

ಅಮ್ಮ, ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಮಗಳ ಹಟ ಒಳ್ಳೆಯ ಹಟ. 1983ರ ಕೊನೆಯಲ್ಲಿ ಹೊರಟ ಭಾರತದ ಮೂರನೇ ಅಂಟಾರ್ಕ್ಟಿಕಾ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಅಲ್ಲಿಗೆ ಹೋದ ಮೊದಲ ಭಾರತೀಯ ಮಹಿಳೆಯರು ಅವರೇ. ಒಬ್ಬರು ಅದಿತಿ ಪಂತ್, ಸಾಗರ ವಿಜ್ಞಾನಿ. ಇನ್ನೊಬ್ಬರು ಸುದೀಪ್ತಾ ಸೇನ್‌ಗುಪ್ತಾ, ಭೂವಿಜ್ಞಾನಿ. ಹಿಮದ ನಡುವೆ ಬಂಡೆ ಹುಡುಕಿಕೊಂಡು ಹೋಗಿ ಕೆಲಸ ಮಾಡಿದವರು ಈ ಸುದೀಪ್ತಾ. ಅದಾಗಿ ನಲವತ್ತು ವರ್ಷ ದಾಟಿದೆ. ಗಣಿಯ ಕೆಳಗೆ ಹೆಣ್ಣುಮಕ್ಕಳು ಇಳಿಯಬಾರದು ಅನ್ನುವ ಹಳೆಯ ನಿರ್ಬಂಧ 1952ರ ಗಣಿ ಕಾಯ್ದೆಯಲ್ಲಿತ್ತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿತು. ಸರ್ಕಾರಿ ಹುದ್ದೆಗಳ ಪರೀಕ್ಷೆಗಳಂತೂ ಗಂಡು ಹೆಣ್ಣು ಇಬ್ಬರಿಗೂ ಒಂದೇ.

ನೀವು ಕಾಲೇಜಿಗೆ ಹೋಗಿ ಕೇಳಬೇಕಾದ್ದು ಬೇರೆ. ಫೀಲ್ಡ್ ಕ್ಯಾಂಪಿಗೆ ಅಧ್ಯಾಪಕಿ ಒಬ್ಬರಾದರೂ ಜೊತೆ ಹೋಗುತ್ತಾರಾ? ರಾತ್ರಿ ಉಳಿಯುವುದು ಎಲ್ಲಿ? ಶೌಚಾಲಯ ಇರುವ ಜಾಗವಾ? ಹುಷಾರು ತಪ್ಪಿದರೆ ವಾಹನ ಇರುತ್ತದಾ? ಇವನ್ನು ನಾಚಿಕೊಳ್ಳದೆ ಕೇಳಿ. ತುಂಬಾ ಹುಡುಗಿಯರು ಫೀಲ್ಡಿನಲ್ಲಿ ಹೊತ್ತುಗಟ್ಟಲೆ ನೀರೇ ಕುಡಿಯದೆ ಇದ್ದುಬಿಡುತ್ತಾರೆ, ಯಾಕೆ ಅಂತ ನಿಮಗೆ ಗೊತ್ತು. ಅದು ಅವರ ತಪ್ಪಲ್ಲ, ಕರೆದುಕೊಂಡು ಹೋದವರು ಯೋಚಿಸಬೇಕಾದ ವಿಷಯ. ತಾಯಂದಿರು ಕೇಳಿದರೆ ವಿಭಾಗಗಳು ಬದಲಾಗುತ್ತವೆ.

ಇನ್ನೊಂದು ಮಾತು. ಲಿಥಿಯಂ ಸಿಕ್ಕಿತು ಅಂತ ಪತ್ರಿಕೆಗಳಲ್ಲಿ ಬಂದ ಮರಳಗಾಲ ನಿಮ್ಮ ಜಿಲ್ಲೆಯದ್ದೇ. ಪರಮಾಣು ಖನಿಜ ನಿರ್ದೇಶನಾಲಯದವರು ಅಲ್ಲಿ 1,600 ಟನ್ ಇರಬಹುದು ಎಂದು ಅಂದಾಜು ಮಾಡಿದ್ದಾರೆ. ದೊಡ್ಡ ಗಣಿಗಳ ಲೆಕ್ಕದಲ್ಲಿ ಇದು ತೀರಾ ಸಣ್ಣದು, ಆದರೆ ಪೆಗ್ಮಟೈಟ್ ಅನ್ನುವ ಒರಟು ಹರಳಿನ ಕಲ್ಲಿನಲ್ಲಿ ಬ್ಯಾಟರಿಗೆ ಬೇಕಾದ ಲೋಹ ಇದೆ ಅಂತ ಗುರುತಿಸಿದ್ದು ಹೊಲ, ಗುಡ್ಡ ತಿರುಗಿ ಕಲ್ಲು ಆಯ್ದವರು. ನಿಮ್ಮ ಮಗಳು ಕಲಿಯಬೇಕು ಅಂತಿರುವುದು ಆ ಕೆಲಸ.

ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಬಿಎಸ್ಸಿಗೆ ಸೇರಿ ಮೂರು ತಿಂಗಳಾಯಿತು, ಜಿಯಾಲಜಿ ಕ್ಲಾಸಿನಲ್ಲಿ ಒಂದು ಪದವೂ ತಲೆಗೆ ಹೋಗುತ್ತಿಲ್ಲ. ಬಿಟ್ಟುಬಿಡಲಾ? (ಸೇಡಂ)

ಬಿಡಬೇಡಿ. ಕ್ಲಾಸಿನಲ್ಲಿ ಇಂಗ್ಲಿಷ್ ಮಾಧ್ಯಮದಿಂದ ಬಂದವರಿಗೂ ಮೊದಲ ತಿಂಗಳುಗಳಲ್ಲಿ ಆ ಪದಗಳು ಹೊಸವೇ. ಪ್ಲೇಜಿಯೋಕ್ಲೇಸ್, ಆಂಟಿಕ್ಲೈನ್ ಅಂತ ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ಈ ವಿಷಯದಲ್ಲಿ ನೀವು ಅವರಿಗಿಂತ ಹಿಂದಿಲ್ಲ.

ಸೇಡಂ ಕಡೆಯವರಿಗೆ ಸುಣ್ಣಕಲ್ಲು ಹೇಳಿಕೊಡಬೇಕಾ? ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ ಆಡಿ ಬೆಳೆದಿರುತ್ತೀರಿ, ಸಿಮೆಂಟ್ ಕಾರ್ಖಾನೆ ನೋಡಿರುತ್ತೀರಿ. ಆ ಕಲ್ಲು ಯಾಕೆ ಚಪ್ಪಡಿ ಚಪ್ಪಡಿಯಾಗಿ ಏಳುತ್ತದೆ ಅಂತ ಯೋಚಿಸಿ. ಸಮುದ್ರದ ತಳದಲ್ಲಿ ಸಣ್ಣ ಕೆಸರು ತೆಳು ಪದರಗಳಾಗಿ ಕೂತದ್ದು ಅದು. ನಿಮ್ಮ ಕಡೆಯ ಈ ಪದರಗಲ್ಲಿನ ಪ್ರದೇಶಕ್ಕೆ ಭೀಮಾ ಬೇಸಿನ್ ಅನ್ನುತ್ತಾರೆ, ಆ ಪಾಠ ಬಂದಾಗ ನಿಮ್ಮ ಮನೆಯ ಅಂಗಳವನ್ನೇ ನೆನೆಸಿಕೊಳ್ಳಿ. ನಿಮ್ಮಲ್ಲಿಂದ ಬೀದರ್ ಕಡೆ ಹೋಗುತ್ತಾ ಕಪ್ಪು ಕಲ್ಲು ಬರುತ್ತದೆ, ಅದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಬೀದರ್‌ನಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆ, ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಬರುವುದು. ಒಂದು ಬಸ್ ಪ್ರಯಾಣದಲ್ಲಿ ಮೂರು ಪಾಠ.

ಮಾಡಬೇಕಾದ್ದು ಇಷ್ಟು. ಒಂದು ನೋಟ್‌ಬುಕ್ ಇಡಿ. ಪ್ರತಿ ಹೊಸ ಪದಕ್ಕೆ ಎದುರಿಗೆ ಚಿತ್ರ ಬರೆಯಿರಿ, ಅದರ ಕೆಳಗೆ ನಿಮ್ಮೂರಿನ ಮಾತಿನಲ್ಲಿ ಎರಡು ಸಾಲು. ಅರ್ಥವನ್ನು ಬಾಯಿಪಾಠ ಮಾಡಬೇಡಿ. ಲ್ಯಾಬಿನಲ್ಲಿ ಮಾದರಿ ಕಲ್ಲುಗಳನ್ನು ಕೈಯಲ್ಲಿ ಹಿಡಿದು ಹೆಸರು ಹೇಳಿಕೊಳ್ಳಿ. ಬರವಣಿಗೆಯ ಇಂಗ್ಲಿಷ್ ನಿಧಾನವಾಗಿ ಬರುತ್ತದೆ, ಎರಡನೇ ವರ್ಷದ ಹೊತ್ತಿಗೆ ಬಂದೇ ಬರುತ್ತದೆ. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿ ಅದರ ನಿರ್ದೇಶಕರಾದ ಡಾ. ಬಿ.ಪಿ. ರಾಧಾಕೃಷ್ಣ ಅವರ ಹೆಸರು ಕೇಳಿರಬಹುದು. 1958ರಲ್ಲಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಲು ಮುಖ್ಯ ಕಾರಣರಾದವರು, ಅದರ ಇಂಗ್ಲಿಷ್ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದವರು. ಅಷ್ಟೆಲ್ಲ ಇಂಗ್ಲಿಷಿನಲ್ಲಿ ಕೆಲಸ ಮಾಡಿಯೂ ಅವರು ಕನ್ನಡದಲ್ಲೂ ಭೂವಿಜ್ಞಾನ ಬರೆದರು. ಕನ್ನಡದಲ್ಲಿ ಯೋಚಿಸುವುದು ಈ ವಿಷಯಕ್ಕೆ ಅಡ್ಡಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ನಾನು ರೈತ. ನಾಲ್ಕು ಬೋರ್ ಫೇಲ್ ಆಗಿ ಸಾಲ ಮೈಮೇಲಿದೆ. ಒಬ್ಬರು ತೆಂಗಿನಕಾಯಿ ಹಿಡಿದು ಪಾಯಿಂಟ್ ಹಾಕಿದರು, ಇನ್ನೊಬ್ಬರು ಮಿಷನ್ ತಂದರು. ಎರಡೂ ಆಗಲಿಲ್ಲ. ಮಗ ಜಿಯಾಲಜಿ ಓದಿದರೆ ನೀರು ಎಲ್ಲಿದೆ ಅಂತ ಹೇಳೋಕಾಗುತ್ತಾ? (ಮುಳಬಾಗಿಲು)

ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಕೋಲಾರದ ನೆಲದಲ್ಲಿ ಇದು ಮನೆ ಮನೆಯ ಕಥೆ.

ಮೊದಲು ನೆಲ ಹೇಗಿದೆ ನೋಡಿ. ನಿಮ್ಮ ಕಡೆ ಇರುವುದು ಗ್ರಾನೈಟ್ ಮತ್ತು ನೈಸ್ ಅನ್ನುವ ಗಟ್ಟಿ ಕಲ್ಲು. ಮರಳಿನಲ್ಲಿ ಕಣಗಳ ನಡುವೆ ನೀರು ನಿಲ್ಲುತ್ತದೆ, ಈ ಕಲ್ಲಿಗೆ ಅಂಥ ಸಂದಿಯೇ ಇಲ್ಲ. ನೀರು ಇರುವುದು ಎರಡೇ ಕಡೆ. ಮೇಲೆ ಕಲ್ಲು ಕೊಳೆತು ಗರಸಾದ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ತಾತಂದಿರ ಕಾಲದ ತೋಡುಬಾವಿ ತುಂಬುತ್ತಿದ್ದದ್ದು ಆ ಮೇಲಿನ ಪದರದಿಂದ. ಅದು ಬತ್ತಿದ ಮೇಲೆ ಎಲ್ಲರೂ ಬಿರುಕು ಹುಡುಕಿಕೊಂಡು ಕೆಳಗೆ ಹೋದರು. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಂಡಿರುತ್ತವೆ. ಅದಕ್ಕೇ 1,200 ಅಡಿ ಕೊರೆದರೂ ಬರೀ ಪುಡಿ ಬರುವುದು. ಆಳ ಹೋದರೆ ನೀರು ಗ್ಯಾರಂಟಿ ಅನ್ನುವ ಮಾತು ಈ ಕಲ್ಲಿನಲ್ಲಿ ನಿಜವಲ್ಲ.

ತೆಂಗಿನಕಾಯಿ, ಬೇವಿನ ಕವೆ ಕಡ್ಡಿಗೆ ನೆಲದೊಳಗಿನ ಬಿರುಕು ತಿಳಿಯುವುದಿಲ್ಲ. ಪಾಯಿಂಟ್ ಹಾಕುವವರು ಕೆಲವೊಮ್ಮೆ ಸರಿಯಾಗುವುದು ಆ ಊರಿನ ತಗ್ಗು ದಿಣ್ಣೆ, ಮರ, ಹಳೆಯ ಬಾವಿ ಅವರಿಗೆ ಗೊತ್ತಿರುವುದರಿಂದ. ಮಿಷನ್ ಅಂದಿರಲ್ಲ, ಅದು ಬಹುಶಃ ರೆಸಿಸ್ಟಿವಿಟಿ ಮೀಟರ್. ನೆಲಕ್ಕೆ ನಾಲ್ಕು ಸರಳು ಹೊಡೆದು, ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಸರಳುಗಳನ್ನು ದೂರ ಸರಿಸಿದಂತೆ ಇನ್ನೂ ಆಳದ ಮಾಹಿತಿ ಸಿಗುತ್ತದೆ. ನೀರಿರುವ ಪದರ ಕರೆಂಟನ್ನು ಸುಲಭವಾಗಿ ಬಿಡುತ್ತದೆ. ತೊಂದರೆ ಏನೆಂದರೆ ಜೇಡಿಮಣ್ಣೂ ಹಾಗೇ ಬಿಡುತ್ತದೆ. ಬರೀ ಮಿಷನ್ ಕೊಂಡವರು ಎರಡರ ವ್ಯತ್ಯಾಸ ತಿಳಿಯದೆ ಪಾಯಿಂಟ್ ಹಾಕಿ ದುಡ್ಡು ತಗೊಂಡು ಹೋಗುತ್ತಾರೆ. ಓದಿದವರು ಮೊದಲು ಉಪಗ್ರಹ ಚಿತ್ರದಲ್ಲಿ ಉದ್ದನೆಯ ಬಿರುಕು ಗೆರೆ ಹುಡುಕುತ್ತಾರೆ, ಹೊಲದ ಸುತ್ತ ನಡೆದು ಡೈಕ್ ಅನ್ನುವ ಕಪ್ಪು ಕಲ್ಲಿನ ಗೋಡೆ ಅಡ್ಡ ಬಂದಿದೆಯಾ ನೋಡುತ್ತಾರೆ, ಅಕ್ಕಪಕ್ಕದ ಬೋರ್‌ಗಳ ಆಳ ಕೇಳುತ್ತಾರೆ, ಆಮೇಲೆ ಮಿಷನ್ ಇಡುತ್ತಾರೆ. ಆಗಲೂ ಗ್ಯಾರಂಟಿ ಇಲ್ಲ. ಫೇಲ್ ಆಗುವ ಸಾಧ್ಯತೆ ಕಡಿಮೆಯಾಗುತ್ತದೆ, ಅಷ್ಟೇ. ಮುಖ್ಯವಾಗಿ, ಇಲ್ಲಿ ಕೊರೆಯಬೇಡಿ ಅಂತ ಹೇಳುವ ಧೈರ್ಯ ಅವರಿಗಿರುತ್ತದೆ. ಆ ಒಂದು ಮಾತೇ ಒಂದು ಮನೆಯನ್ನು ಸಾಲದಿಂದ ಉಳಿಸಬಹುದು.

ಹಾಗಾಗಿ ಮಗ ಓದಲಿ ಅಂತಲೇ ಹೇಳುತ್ತೇನೆ. ಅಂತರ್ಜಲ ಅಂದರೆ ಪಾಯಿಂಟ್ ಹಾಕುವುದೊಂದೇ ಅಲ್ಲ. ನೀರಿನಲ್ಲಿ ಫ್ಲೋರೈಡ್ ಯಾಕೆ ಬರುತ್ತದೆ, ಇಂಗುಗುಂಡಿ ಎಲ್ಲಿ ತೋಡಿದರೆ ನೀರು ಇಳಿಯುತ್ತದೆ, ಎಲ್ಲಿ ತೋಡಿದರೆ ವ್ಯರ್ಥ, ಇವೆಲ್ಲ ಅದರಲ್ಲಿ ಬರುತ್ತವೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಿಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರಲ್ಲ. ಆ ನೀರು ಎಷ್ಟು ಇಂಗುತ್ತಿದೆ, ಅದರ ಗುಣ ಹೇಗಿದೆ ಅಂತ ವರ್ಷಗಟ್ಟಲೆ ಅಳೆಯುವ ಜನ ಬೇಕು. ಆ ಊರಿನ ಹುಡುಗರೇ ಅಳೆದರೆ ಎಷ್ಟು ಚೆನ್ನ.

ಬಿಎಸ್ಸಿ ಮುಗಿಯಿತು. ಮುಂದೆ ಏನು, ಎಲ್ಲಿ? ಕೆಲಸದ ಬಗ್ಗೆ ನಿಜ ಹೇಳಿ. (ದಾವಣಗೆರೆ)

ನಿಜ ಹೇಳುತ್ತೇನೆ. ಬರೀ ಬಿಎಸ್ಸಿ ಜಿಯಾಲಜಿಗೆ ಬಾಗಿಲು ತೆರೆಯುವುದು ಕಡಿಮೆ. ಎಂಎಸ್ಸಿ ಮಾಡಲೇಬೇಕು ಅಂದುಕೊಂಡೇ ಈ ದಾರಿಗೆ ಬನ್ನಿ.

ನಮ್ಮಲ್ಲಿ ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮರೈನ್ ಜಿಯಾಲಜಿ, ಸಮುದ್ರದ ತಳ ಮತ್ತು ಕರಾವಳಿಯ ಓದು. ಕಡಲು ಕಂಡರೆ ಇಷ್ಟಪಡುವವರಿಗೆ ಅದು ಸರಿಯಾದ ಜಾಗ. ಹೊರರಾಜ್ಯಕ್ಕೆ ಹೋಗುವ ಮನಸ್ಸಿದ್ದರೆ ಜಾಮ್ ಪರೀಕ್ಷೆಯಲ್ಲಿ ಜಿಯಾಲಜಿ ಪತ್ರಿಕೆ ಬರೆಯಿರಿ, ಐಐಟಿಗಳ ಎಂಎಸ್ಸಿಗೆ ಅದೇ ದಾರಿ. 1926ರಲ್ಲಿ ಗಣಿ ಶಿಕ್ಷಣಕ್ಕೆಂದೇ ಶುರುವಾದ ಧನ್‌ಬಾದ್‌ನ ಸಂಸ್ಥೆಯೂ ಈಗ ಐಐಟಿ. ಬಾಂಬೆ, ಖರಗ್‌ಪುರ, ರೂರ್ಕಿಯಲ್ಲೂ ಒಳ್ಳೆಯ ವಿಭಾಗಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಐಐಟಿ ಸಿಗಲಿಲ್ಲ ಅಂತ ಒಂದು ವರ್ಷ ಕೂರಬೇಡಿ. ಧಾರವಾಡ ಕ್ರೇಟಾನ್, ಅಂದರೆ ನಮ್ಮ ರಾಜ್ಯದ ಬಹುಭಾಗದ ಅಡಿಯಲ್ಲಿರುವ ಅತಿ ಹಳೆಯ ಗಟ್ಟಿ ಕಲ್ಲಿನ ನೆಲ, ಅದನ್ನು ನೋಡಲು ಬೇರೆ ಬೇರೆ ದೇಶದವರು ನಮ್ಮೂರಿಗೆ ಬರುತ್ತಾರೆ. 300 ಕೋಟಿ ವರ್ಷಕ್ಕೂ ಹಳೆಯ ಕಲ್ಲು ಹಾಸನ ಜಿಲ್ಲೆಯ ಗೊರೂರಿನಲ್ಲಿದೆ, ಕಡೂರು, ಬಾಬಾಬುಡನ್‌ಗಿರಿ, ಸಂಡೂರು, ಹಟ್ಟಿ ಎಲ್ಲ ಒಂದು ರಾತ್ರಿಯ ಬಸ್ಸಿನ ದೂರ. ಅಷ್ಟನ್ನು ಸರಿಯಾಗಿ ನಡೆದು ನೋಡಿದ ವಿದ್ಯಾರ್ಥಿ ಎಲ್ಲಿ ಹೋದರೂ ತಲೆ ಎತ್ತಿ ನಿಲ್ಲುತ್ತಾನೆ.

ಕೆಲಸದಲ್ಲಿ ಎಲ್ಲರ ಕಣ್ಣು ಇರುವುದು ಜಿಎಸ್‌ಐ ಮೇಲೆ. 1851ರಲ್ಲಿ ಶುರುವಾದ ಸಂಸ್ಥೆ. ಅದಕ್ಕೂ ಕೇಂದ್ರ ಅಂತರ್ಜಲ ಮಂಡಳಿಗೂ ಸೇರಿಸಿ ಯುಪಿಎಸ್‌ಸಿ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ನಡೆಸುತ್ತದೆ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಹೀಗೆ ಮೂರು ಹಂತ. ವಯಸ್ಸು 21ರಿಂದ 32, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಮೇನ್ಸ್‌ನಲ್ಲಿ ಉದ್ದ ಉತ್ತರ ಬರೆಯಬೇಕು, ಚಿತ್ರ ಬಿಡಿಸಬೇಕು. ಇಲ್ಲಿ ನಮ್ಮ ಹುಡುಗರು ಸೋಲುವುದು ಜ್ಞಾನ ಇಲ್ಲದೆ ಅಲ್ಲ, ಬರೆದು ಅಭ್ಯಾಸ ಇಲ್ಲದೆ. ಎಂಎಸ್ಸಿ ಮೊದಲ ವರ್ಷದಿಂದಲೇ ವಾರಕ್ಕೊಂದು ಉತ್ತರ ಬರೆದು ಯಾರಿಗಾದರೂ ತೋರಿಸಿ. ಗೇಟ್ ಪರೀಕ್ಷೆಯಲ್ಲೂ ಜಿಯಾಲಜಿ ಇದೆ, ಸಂಶೋಧನೆಗೆ ಸಿಎಸ್‌ಐಆರ್ ನೆಟ್ ಇದೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯ. ಆದರೆ ಈ ಹುದ್ದೆಗಳಿಗೆ ಅರ್ಜಿ ಕರೆಯುವುದು ಯಾವಾಗಲೋ ಒಮ್ಮೆ, ಅದನ್ನೇ ನಂಬಿ ಕೂರುವುದು ಬೇಡ. ಹಟ್ಟಿ ಚಿನ್ನದ ಗಣಿ, ಎನ್‌ಎಂಡಿಸಿಯ ದೋಣಿಮಲೈ, ಸಿಮೆಂಟ್ ಕಂಪನಿಗಳು, ಸುರಂಗ ಮತ್ತು ಅಣೆಕಟ್ಟು ಕೆಲಸದವರು ಭೂವಿಜ್ಞಾನಿಗಳನ್ನು ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ ಸಿಗುತ್ತದೆ, ಅದಕ್ಕೆ ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಈಗಲೇ ಕಲಿಯಿರಿ. ಜಿಎಸ್‌ಐನ ಭೂಕೋಶ್ ಪೋರ್ಟಲ್‌ನಲ್ಲಿ ನಕ್ಷೆಗಳು ಉಚಿತವಾಗಿ ಸಿಗುತ್ತವೆ, ನಿಮ್ಮ ತಾಲ್ಲೂಕಿನದ್ದನ್ನು ಇಳಿಸಿಕೊಂಡು ಅದರ ಮೇಲೇ ಅಭ್ಯಾಸ ಮಾಡಬಹುದು.

ಸಂಡೂರಿನ ಗುಡ್ಡಗಳು ಹಾಳಾಗಿದ್ದನ್ನು ಕಣ್ಣಾರೆ ಕಂಡವನು. ಜಿಯಾಲಜಿ ಓದುವುದು ಅಂದರೆ ಕೊನೆಗೆ ಗಣಿ ಮಾಲೀಕರ ಕೆಲಸ ಮಾಡುವುದೇ ಅಲ್ವಾ? (ಹೊಸಪೇಟೆ)

ನಿಮ್ಮ ನೋವು ಸರಿಯಾದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ತನಕ ಅಲ್ಲಿ ಏನಾಯಿತು ಅಂತ ಇಡೀ ರಾಜ್ಯಕ್ಕೆ ಗೊತ್ತು. ಆದರೆ ಆ ತಪ್ಪು ಸಾಬೀತಾದದ್ದು ಯಾವುದರಿಂದ ನೋಡಿ. ಗಡಿ ದಾಟಿ ಅಗೆದಿದ್ದಾರಾ, ಎಷ್ಟು ಅಗೆದಿದ್ದಾರೆ, ಮಣ್ಣನ್ನು ಎಲ್ಲಿ ಸುರಿದಿದ್ದಾರೆ ಅಂತ ಸರ್ವೆ ಮಾಡಿ ಗುತ್ತಿಗೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಆಮೇಲೆ ಮತ್ತೆ ಶುರುವಾದಾಗ ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕಿದರು. ಅದಿರು ಎಷ್ಟಿದೆ, ಎಷ್ಟು ತೆಗೆದರೆ ಗುಡ್ಡ ತಡೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕಲು ನೆಲ ತಿಳಿದವರು ಬೇಕು. ಅಂಥವರು ಮಾಲೀಕರ ಕಡೆಯಲ್ಲಷ್ಟೇ ಇದ್ದು ಊರಿನ ಕಡೆ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಅಂತ ನೀವೇ ನೋಡಿದ್ದೀರಿ.

ಕಬ್ಬಿಣ ಇಲ್ಲದೆ ಬಸ್ಸೂ ಇಲ್ಲ, ಮನೆಯೂ ಇಲ್ಲ. ಅದು ಎಲ್ಲಿಂದಲೋ ಬರಲೇಬೇಕು. ಓದಿ, ಕಂಪನಿಯಲ್ಲಿ ಕೆಲಸಕ್ಕೂ ಸೇರಿ, ಸುಳ್ಳು ಅಂಕಿಗೆ ಸಹಿ ಹಾಕಬೇಡಿ. ಅದು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

2018ರ ಆಗಸ್ಟಿನಲ್ಲಿ ನಮ್ಮ ತೋಟದ ಅರ್ಧ ಗುಡ್ಡ ಕುಸಿದು ಹೋಯಿತು. ಇದರ ಬಗ್ಗೆ ಓದಬೇಕು. ಯಾವ ಕೋರ್ಸ್? (ಮಡಿಕೇರಿ ಸಮೀಪ)

ಬಿಎಸ್ಸಿ ಜಿಯಾಲಜಿ, ಆಮೇಲೆ ಎಂಎಸ್ಸಿಯಲ್ಲಿ ಇಂಜಿನಿಯರಿಂಗ್ ಜಿಯಾಲಜಿ ಮತ್ತು ನೆಲದ ಆಕಾರ ಹೇಗೆ ಬದಲಾಗುತ್ತದೆ ಅಂತ ಓದುವ ಜಿಯೋಮಾರ್ಫಾಲಜಿ ಕಡೆ ಒಲವು ಇಟ್ಟುಕೊಳ್ಳಿ. ಭೂಕುಸಿತದ ವಿಷಯದಲ್ಲಿ ದೇಶದ ನೋಡಲ್ ಸಂಸ್ಥೆ ಜಿಎಸ್‌ಐ. ಯಾವ ಇಳಿಜಾರು ಎಷ್ಟು ಅಪಾಯದ್ದು ಅಂತ ನಕ್ಷೆ ಮಾಡುವ ಕೆಲಸ ಅವರದ್ದು.

ಕೊಡಗಿನಲ್ಲಿ ಗಟ್ಟಿ ಕಲ್ಲಿನ ಮೇಲೆ ದಪ್ಪನೆಯ ಕೊಳೆತ ಮಣ್ಣು ಕೂತಿದೆ. ದಿನಗಟ್ಟಲೆ ಮಳೆ ಸುರಿದಾಗ ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಏರುತ್ತದೆ, ಮಣ್ಣಿನ ಹಿಡಿತ ಸಡಿಲವಾಗುತ್ತದೆ, ಭಾರವೂ ಹೆಚ್ಚಾಗುತ್ತದೆ. ಅದೇ ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ನೇರವಾಗಿ ಕಡಿದಿದ್ದರೆ ಅಲ್ಲಿಂದಲೇ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತು, ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಹೋದವು. ರಸ್ತೆ ಮಾಡುವ ಮೊದಲು ಆ ಇಳಿಜಾರನ್ನು ನಡೆದು ನೋಡುವ, ಇಲ್ಲಿ ಕಡಿಯಬೇಡಿ ಅನ್ನುವ, ಆ ಮಾತನ್ನು ಕೇಳಿಸಿಕೊಳ್ಳುವಂತೆ ವರದಿ ಬರೆಯುವ ಭೂವಿಜ್ಞಾನಿಗಳು ಪಶ್ಚಿಮ ಘಟ್ಟಕ್ಕೆ ಈಗ ತುರ್ತಾಗಿ ಬೇಕು. ಎಲ್ಲಿ ನೀರು ಒಸರುತ್ತದೆ, ಯಾವ ಮರ ವಾಲಿದೆ, ನೆಲದಲ್ಲಿ ಯಾವಾಗ ಬಿರುಕು ಬಿಟ್ಟಿತು ಅಂತ ತೋಟದಲ್ಲಿ ಹುಟ್ಟಿ ಬೆಳೆದವರಿಗೆ ತಿಳಿದಷ್ಟು ಹೊರಗಿನವರಿಗೆ ತಿಳಿಯುವುದಿಲ್ಲ. ನೀವು ಓದಿ. ಈಗಿನಿಂದಲೇ ಆ ಕುಸಿದ ಜಾಗದ ಫೋಟೋಗಳನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಒಂದೇ ಜಾಗದಲ್ಲಿ ನಿಂತು ತೆಗೆದು ಇಟ್ಟುಕೊಳ್ಳಿ, ಮುಂದೆ ಪ್ರಾಜೆಕ್ಟಿಗೆ ಅದೇ ಆಧಾರವಾಗುತ್ತದೆ.

ಮೊದಲ ಫೀಲ್ಡ್ ಟ್ರಿಪ್ ಬರ್ತಾ ಇದೆ. ಏನೇನು ಕೊಳ್ಳಬೇಕು? ದುಡ್ಡು ಜಾಸ್ತಿ ಇಲ್ಲ. (ಮೈಸೂರು)

ಕಂಪಾಸ್ ಕೊಳ್ಳಬೇಡಿ, ದುಬಾರಿ. ವಿಭಾಗದಲ್ಲಿ ಇರುತ್ತದೆ, ಗುಂಪಿಗೊಂದು ಕೊಡುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್ ಮಾತ್ರ ನಿಮ್ಮದೇ ಇರಲಿ. ಅದನ್ನು ಕಲ್ಲಿನ ಮೇಲೆ ಹಿಡಿದು ದೂರದಿಂದ ನೋಡಬೇಡಿ, ಕಣ್ಣಿಗೆ ಹತ್ತಿರ ಹಿಡಿದು ಕಲ್ಲನ್ನೇ ಹತ್ತಿರ ತನ್ನಿ. ಸುತ್ತಿಗೆ ಜಿಯಾಲಜಿಯದ್ದೇ ಆಗಿರಲಿ, ಗಾರೆ ಕೆಲಸದ ಸುತ್ತಿಗೆಯಿಂದ ಕಬ್ಬಿಣದ ಚೂರು ಸಿಡಿಯುತ್ತದೆ. ಕಲ್ಲು ಒಡೆಯುವಾಗ ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ಯಾರಿದ್ದಾರೆ ನೋಡಿ. ನೋಟ್‌ಬುಕ್ಕಿಗೆ ಪೆನ್ಸಿಲ್ ಬಳಸಿ, ಮಳೆ ಬಿದ್ದರೆ ಇಂಕು ಹರಡುತ್ತದೆ. ಗಟ್ಟಿ ಬೂಟು, ಟೋಪಿ, ಎರಡು ಲೀಟರ್ ನೀರು. ಸುಣ್ಣಕಲ್ಲು ಪರೀಕ್ಷಿಸುವ ಆಸಿಡ್ ಬಾಟಲಿ ಮೇಷ್ಟ್ರ ಹತ್ತಿರವೇ ಇರಲಿ.

ಲಾಲ್‌ಬಾಗ್ ಬಂಡೆ, ಮಲ್ಪೆಯ ಸೇಂಟ್ ಮೇರಿಸ್ ದ್ವೀಪ, ಮರಡಿಹಳ್ಳಿ ಇಂಥ ಸ್ಮಾರಕಗಳಲ್ಲಿ ಸುತ್ತಿಗೆಯನ್ನು ಚೀಲದಿಂದ ಹೊರಗೇ ತೆಗೆಯಬೇಡಿ. ಬೇರೆ ಕಡೆಯೂ ಯಾರದ್ದಾದರೂ ಹೊಲದೊಳಗೆ ಕಾಲಿಡುವ ಮೊದಲು ಅವರನ್ನು ಮಾತಾಡಿಸಿ, ಏನು ಮಾಡುತ್ತಿದ್ದೀರಿ ಅಂತ ಹೇಳಿ. ಹೆಚ್ಚಿನವರು ಬಾವಿ ತೋಡುವಾಗ ಯಾವ ಕಲ್ಲು ಸಿಕ್ಕಿತು, ಎಷ್ಟು ಅಡಿಗೆ ಸಿಕ್ಕಿತು ಅಂತ ತಾವಾಗಿಯೇ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಿ, ನಕ್ಷೆಯಲ್ಲಿ ಬಂಡೆ ಕಾಣದ ಜಾಗ ತುಂಬುವಾಗ ಬೇಕಾಗುತ್ತದೆ.